ಸುಮ್ನೆ ಕೂರೋದು ಕಲಿಯೋಕೆ ನಮಗೆ ಇಷ್ಟು ಕಾಲ ಬೇಕಾಯ್ತು



ಇವತ್ತು ಭಾನುವಾರ. ಬೆಳಿಗ್ಗೆಯಿಂದ ಮೂರು ಜನ ಫೋನ್ ಮಾಡಿದ್ರು. "ಅಕ್ಕ, ಮೀಟಿಂಗಿಗೆ ಬರಲ್ವಾ?" ಅಂದ್ರು. ಬರಲ್ಲ ಅಂದೆ. "ಹುಷಾರಿಲ್ವಾ?" ಅಂದ್ರು. ಹುಷಾರಾಗೇ ಇದೀನಿ, ಇವತ್ತು ಸುಮ್ನೆ ಮನೇಲಿರ್ತೀನಿ ಅಂದೆ. ಆ ಕಡೆ ಸ್ವಲ್ಪ ಹೊತ್ತು ಮಾತೇ ಇಲ್ಲ. ನಮ್ಮಲ್ಲಿ ಕಾಯಿಲೆ ಬಿದ್ರೆ ರಜೆ ಉಂಟು, ಸತ್ರೆ ರಜೆ ಉಂಟು. ಆರಾಮಾಗಿದ್ದು ರಜೆ ತಗೊಂಡ್ರೆ ಮಾತ್ರ ಯಾರಿಗೂ ಅರ್ಥ ಆಗಲ್ಲ. ಅದಕ್ಕೇ ಈ ಪೋಸ್ಟ್. ಉದ್ದ ಇದೆ, ಟೀ ಇಟ್ಕೊಂಡು ಕೂತು ಓದಿ. ಕೂತು ಓದಿ ಅಂತ ಬೇಕಂತಲೇ ಹೇಳ್ತಿದೀನಿ.

ಎರಡು ವರ್ಷದ ಹಿಂದೆ ಏಪ್ರಿಲ್ 14ರ ಜಯಂತಿ ಮುಗಿಸಿ ಮಾರನೇ ದಿನ ಆಫೀಸಿನ ಮೆಟ್ಟಿಲು ಹತ್ತುವಾಗ ನನಗೆ ಕಣ್ಣು ಕತ್ತಲೆ ಬಂತು. ಒಂದು ತಿಂಗಳಿಂದ ದಿನಕ್ಕೆ ನಾಲ್ಕು ಗಂಟೆ ನಿದ್ದೆ. ಬೆಳಿಗ್ಗೆ ಮನೆ, ಹಗಲು ಆಫೀಸು, ಸಂಜೆ ಸಂಘಟನೆ, ರಾತ್ರಿ ಬ್ಯಾನರ್ ಪ್ರೂಫು. ಆಸ್ಪತ್ರೇಲಿ ಬಿಪಿ 180 ಇತ್ತು. ಡಾಕ್ಟರಮ್ಮ ಮಾತ್ರೆ ಬರೆದು, ಉಪ್ಪು ಕಮ್ಮಿ ಮಾಡಿ ಅಂದ್ರು. ಆಮೇಲೆ ಪೆನ್ನು ಕೆಳಗಿಟ್ಟು ಒಂದು ಪ್ರಶ್ನೆ ಕೇಳಿದ್ರು: "ದಿನದಲ್ಲಿ ಏನೂ ಮಾಡದೆ ಎಷ್ಟು ಹೊತ್ತು ಕೂರ್ತೀರಿ?" ನಾನು ಯೋಚನೆ ಮಾಡಿದೆ. ಬಸ್ಸಲ್ಲಿ ಕೂರ್ತೀನಿ, ಆದ್ರೆ ಅಲ್ಲೂ ಫೋನಲ್ಲಿ ಅರ್ಜಿ ಡ್ರಾಫ್ಟ್ ಮಾಡ್ತಿರ್ತೀನಿ. ಉತ್ತರ ಹೊಳೀಲಿಲ್ಲ. "ದಿನಾ ಹತ್ತು ನಿಮಿಷ ಕೂತು ಉಸಿರು ನೋಡಿ" ಅಂತ ಹೇಳಿ ಕಳಿಸಿದ್ರು.

ನನಗೆ ನಗು ಬಂತು, ಆಮೇಲೆ ಸಿಟ್ಟೂ ಬಂತು. ಧ್ಯಾನ ಅಂದ್ರೆ ಹೊಟ್ಟೆ ತುಂಬಿದವರ ಬಾಬತ್ತು ಅನ್ನೋದು ನನ್ನ ಅಭಿಪ್ರಾಯವಾಗಿತ್ತು. ನಮ್ಮ ಆಫೀಸಿಗೇ ಒಂದ್ಸಲ "ಒತ್ತಡ ನಿರ್ವಹಣೆ" ತರಬೇತಿ ಅಂತ ಮಾಡಿದ್ರು. ಮೂರು ಜನರ ಕೆಲಸ ಒಬ್ಬರ ಟೇಬಲ್ ಮೇಲೆ ಹಾಕಿ, ಖಾಲಿ ಹುದ್ದೆ ತುಂಬದೆ, ಕಣ್ಣು ಮುಚ್ಚಿ ಸಮುದ್ರ ಕಲ್ಪಿಸ್ಕೊಳ್ಳಿ ಅಂದ್ರು. ನಾನು ಕಣ್ಣು ಮುಚ್ಚಿದ್ರೆ ಕಂಡಿದ್ದು ಬಾಕಿ ಫೈಲು.

ಆದ್ರೂ ಮಾತ್ರೆ ಜೊತೆ ಹೇಳಿದ್ದಲ್ವಾ ಅಂತ ಮಾರನೇ ದಿನ ಮನೇಲಿ ಗೋಡೆಗೆ ಒರಗಿ ಕೂತೆ. ಎರಡು ನಿಮಿಷ ಆಗಿರಬಹುದು. ಹೊರಗೆ ಯಾರದ್ದೋ ಚಪ್ಪಲಿ ಸದ್ದು ಕೇಳಿಸ್ತು. ನಾನು ಧಡಕ್ಕಂತ ಎದ್ದು ನಿಂತೆ, ಕೈಯಲ್ಲಿ ಪೊರಕೆ! ಪೊರಕೆ ಹೇಗೆ ಕೈಗೆ ಬಂತೋ ಗೊತ್ತಿಲ್ಲ. ಬಂದಿದ್ದು ಪಕ್ಕದ ಮನೆ ಹುಡುಗಿ. ಯಾರಾದ್ರೂ ನೋಡಿದ್ರೆ ಅನ್ನೋ ಭಯ. 46 ವರ್ಷದವಳು, ನನ್ನ ದುಡ್ಡಲ್ಲಿ ಬಾಡಿಗೆ ಕಟ್ಟೋ ಮನೇಲಿ ಕೂತ್ಕೊಳ್ಳೋಕೆ ಹೆದರಿದೆ. ಆ ಭಯ ನನ್ನದಲ್ಲ, ನಮ್ಮಪ್ಪ ಅವ್ವಂದು ಅಂತ ಅವತ್ತೇ ಗೊತ್ತಾಯ್ತು.

ನಮ್ಮಪ್ಪ ಒಂಬತ್ತನೇ ವಯಸ್ಸಿಗೆ ಜೀತಕ್ಕೆ ಹೋದವನು. ತಾತ ಮಾಡಿದ ಸಾಲಕ್ಕೆ. ಕೋಳಿ ಕೂಗೋ ಮುಂಚೆ ಕೊಟ್ಟಿಗೆ, ರಾತ್ರಿ ದನಕ್ಕೆ ಹುಲ್ಲು ಹಾಕಿದ ಮೇಲೆ ಊಟ. ಜೀತದಾಳು ಕೂತಿದ್ದು ಕಣ್ಣಿಗೆ ಬಿದ್ರೆ ಒಡೆಯನಿಗೆ ಅದು ಕಳ್ಳತನ ಇದ್ದಂಗೆ, ತನ್ನ ಹೊತ್ತನ್ನ ಕದ್ದಂಗೆ. 1975ರಲ್ಲಿ ಜೀತ ರದ್ದು ಮಾಡಿ ಸುಗ್ರೀವಾಜ್ಞೆ ಬಂತು, 1976ರಲ್ಲಿ ಕಾಯ್ದೆ ಆಯ್ತು. ಅಪ್ಪ ಹೊರಗೆ ಬಂದ. ಆದ್ರೆ ಇವತ್ತಿಗೂ ಅಪ್ಪ ಕುರ್ಚಿಯ ತುದೀಲಿ ಕೂರ್ತಾನೆ. ಬೆನ್ನು ಒರಗಿಸಲ್ಲ. ಕಾಯ್ದೆಯಿಂದ ಸಾಲ ಹರೀತು, ಬೆನ್ನು ಮಾತ್ರ ಇನ್ನೂ ಎದ್ದು ನಿಲ್ಲೋಕೆ ತಯಾರಾಗೇ ಇದೆ.

ಅವತ್ತಿಂದ ಒಂದು ಪ್ರಶ್ನೆ ತಲೇಲಿ ಕೂತ್ಬಿಡ್ತು. ನಾವು ಕೂಲಿಯ ಚರಿತ್ರೆ ಮಾತಾಡ್ತೀವಿ, ಭೂಮಿಯ ಚರಿತ್ರೆ ಮಾತಾಡ್ತೀವಿ, ನೀರಿನ, ದೇವಸ್ಥಾನದ, ಮೀಸಲಾತಿಯ ಚರಿತ್ರೆ ಮಾತಾಡ್ತೀವಿ. ವಿಶ್ರಾಂತಿಯ ಚರಿತ್ರೆ ಯಾರು ಮಾತಾಡ್ತಾರೆ? ಸಿಕ್ಕಿದ್ದನ್ನ ಓದೋಕೆ ಶುರು ಮಾಡಿದೆ. ನಾನು ಬಿ.ಎ. ಓದಿದವಳು, ಸಂಶೋಧಕಿ ಅಲ್ಲ. ಓದಿ ನನಗೆ ತಿಳಿದದ್ದನ್ನ ಹೇಳ್ತೀನಿ.

ಮೊದಲು ಈ ಭಾನುವಾರದಿಂದಲೇ ಶುರು ಮಾಡೋಣ.

ಭಾನುವಾರದ ರಜೆ ಬ್ರಿಟಿಷರು ಪುಕ್ಕಟೆ ಕೊಟ್ಟಿದ್ದು ಅಂತ ತುಂಬಾ ಜನ ತಿಳಿದಿದ್ದಾರೆ. ಬ್ರಿಟಿಷ್ ಸಾಹೇಬರಿಗೆ ಚರ್ಚು ಇತ್ತು, ರಜೆ ಇತ್ತು. ಬೊಂಬಾಯಿ ಬಟ್ಟೆ ಗಿರಣಿಯ ಕೂಲಿಗೆ ಇರಲಿಲ್ಲ. ಅದನ್ನ ಕೇಳಿದವರು ನಾರಾಯಣ ಮೇಘಾಜಿ ಲೋಖಂಡೆ. ಜೋತಿಬಾ ಫುಲೆಯವರ ಸಂಗಾತಿ, ಸತ್ಯಶೋಧಕ ಸಮಾಜದವರು. ಸ್ವಲ್ಪ ಕಾಲ ಗಿರಣಿಯಲ್ಲಿ ಸ್ಟೋರ್‌ಕೀಪರ್ ಆಗಿ ದುಡಿದಿದ್ದರು. ಅಂದ್ರೆ ನಮ್ಮ ಥರದವರೇ, ಲೆಕ್ಕ ಬರೆಯೋರು. 1884ರಲ್ಲಿ ಗಿರಣಿ ಕಾರ್ಮಿಕರ ಸಭೆ ಕರೆದು, ಸಾವಿರಾರು ಕಾರ್ಮಿಕರ ಸಹಿ ಹಾಕಿಸಿ ಬೇಡಿಕೆ ಪಟ್ಟಿ ಕೊಟ್ಟರು. ಮೊದಲನೇ ಬೇಡಿಕೆಯೇ ಭಾನುವಾರ ಪೂರ್ತಿ ವಿಶ್ರಾಂತಿ. ಅದರ ಜೊತೆಗೆ ಮಧ್ಯಾಹ್ನ ಅರ್ಧ ಗಂಟೆ ಬಿಡುವು. ಅರ್ಧ ಗಂಟೆ! ಅದನ್ನೂ ಬರೆದು ಕೇಳಬೇಕಿತ್ತು.

1890ರ ಏಪ್ರಿಲಿನಲ್ಲಿ ಬೊಂಬಾಯಿಯಲ್ಲಿ ಸುಮಾರು ಹತ್ತು ಸಾವಿರ ಕಾರ್ಮಿಕರ ಸಭೆ ಸೇರಿತು. ಆ ಸಭೇಲಿ ಇಬ್ಬರು ಕಾರ್ಮಿಕ ಹೆಂಗಸರು ಎದ್ದು ಮಾತಾಡಿದ್ದಾರೆ. ಅದನ್ನ ಓದಿ ನನಗೆ ರೋಮಾಂಚನ ಆಯ್ತು. 135 ವರ್ಷಕ್ಕೂ ಹಿಂದೆ, ಗಿರಣಿ ಹೆಂಗಸರು, ಅಷ್ಟು ಜನರ ಮುಂದೆ ನಿಂತು ನಮಗೆ ಒಂದು ದಿನ ಬಿಡುವು ಬೇಕು ಅಂದಿದ್ದಾರೆ. ಅದೇ ವರ್ಷ ಜೂನ್ 10ಕ್ಕೆ ಮಾಲೀಕರು ಭಾನುವಾರದ ರಜೆ ಒಪ್ಪಿಕೊಂಡರು. 1891ರ ಕಾರ್ಖಾನೆ ಕಾಯ್ದೆಯಲ್ಲಿ ವಾರಕ್ಕೊಂದು ರಜೆ ಬಂತು, ಹೆಂಗಸರ ದುಡಿಮೆಗೆ ದಿನಕ್ಕೆ 11 ಗಂಟೆಯ ಮಿತಿ ಬಂತು. ಗಂಡಸರಿಗೆ ಆ ಮಿತಿಯೂ ಇರಲಿಲ್ಲ. ಬಟ್ಟೆ ಗಿರಣಿಯ ಗಂಡಸರಿಗೆ 12 ಗಂಟೆಯ ಮಿತಿ ಹಾಕೋಕೆ 1911 ಆಗಬೇಕಾಯ್ತು.

ಆಮೇಲೆ ಬಾಬಾಸಾಹೇಬರ ಸರದಿ. ಇಲ್ಲಿ ಒಂದು ಮಾತು ನೇರವಾಗಿ ಹೇಳಬೇಕು. ಪ್ರತಿ ಮೇ ದಿನ ನಮ್ಮ ಗ್ರೂಪುಗಳಲ್ಲಿ ಒಂದು ಪೋಸ್ಟರ್ ಓಡಾಡುತ್ತೆ: ಬಾಬಾಸಾಹೇಬರು ಕೆಲಸದ ಅವಧಿಯನ್ನ 14 ಗಂಟೆಯಿಂದ 8 ಗಂಟೆಗೆ ಇಳಿಸಿದರು ಅಂತ. ನಾನೂ ಹಂಚಿದೀನಿ. ಕಾಯ್ದೆಗಳನ್ನ ಸಾಲಾಗಿ ಇಟ್ಟು ನೋಡಿದ್ರೆ ಲೆಕ್ಕ ಬೇರೆ ಇದೆ. 1922ರಲ್ಲಿ ವಾರಕ್ಕೆ 60 ಗಂಟೆ. 1934ರ ಕಾಯ್ದೆಯಲ್ಲಿ ವರ್ಷವಿಡೀ ನಡೆಯೋ ಕಾರ್ಖಾನೆಗಳಿಗೆ ವಾರಕ್ಕೆ 54 ಗಂಟೆ. 1942ರಲ್ಲಿ ಬಾಬಾಸಾಹೇಬರು ವೈಸರಾಯ್ ಕಾರ್ಯಕಾರಿ ಮಂಡಳಿಯ ಕಾರ್ಮಿಕ ಸದಸ್ಯರಾದರು. 1946ರ ತಿದ್ದುಪಡಿ ಅದನ್ನ ವಾರಕ್ಕೆ 48 ಗಂಟೆಗೆ ತಂತು. ಅದಕ್ಕೆ ಮುಂಚೆ 1945ರಲ್ಲಿ ಕಾರ್ಖಾನೆ ಕಾರ್ಮಿಕರಿಗೆ ಸಂಬಳದ ಸಮೇತ ರಜೆ ಕಾಯ್ದೆಯಾಗಿ ಬಂತು. ಪೋಸ್ಟರಿನ ಲೆಕ್ಕಕ್ಕಿಂತ ಈ ಲೆಕ್ಕ ಚಿಕ್ಕದಾಗಿ ಕಾಣಬಹುದು. ನನಗೆ ಇದೇ ದೊಡ್ಡದು. ವಾರಕ್ಕೆ ಆರು ಗಂಟೆ ಅಂದ್ರೆ ದಿನಕ್ಕೆ ಒಂದು ಗಂಟೆ. ಯುದ್ಧದ ಕಾಲದಲ್ಲಿ, ಮಾಲೀಕರ ಪ್ರತಿನಿಧಿಗಳು ತುಂಬಿದ ಸಭೆಗಳಲ್ಲಿ ವಾದ ಮಾಡಿ, ಕಾರ್ಮಿಕನ ಮನೆಗೆ ದಿನಕ್ಕೊಂದು ಗಂಟೆ ತಂದುಕೊಟ್ಟ ಮನುಷ್ಯ. ಸತ್ಯ ಹೇಳಿದ್ರೆ ಬಾಬಾಸಾಹೇಬರು ಚಿಕ್ಕವರಾಗಲ್ಲ. ಸುಳ್ಳು ಲೆಕ್ಕ ಹೇಳಿ ಸಿಕ್ಕಿಬಿದ್ರೆ ನಾವು ಚಿಕ್ಕವರಾಗ್ತೀವಿ.

ಆದ್ರೆ ಇಲ್ಲೇ ನಮ್ಮ ಕೇರಿಯ ಪ್ರಶ್ನೆ ಬರುತ್ತೆ. ಇವೆಲ್ಲಾ ಕಾರ್ಖಾನೆ ಕಾಯ್ದೆ. ಹೊಲದಲ್ಲಿ ದುಡಿಯೋನು ಕಾರ್ಖಾನೆಯವನಲ್ಲ. ಜೀತದವನು ಕಾರ್ಖಾನೆಯವನಲ್ಲ. ಮಲ ಹೊತ್ತವಳು, ಬೀದಿ ಗುಡಿಸಿದವಳು, ಒಡೆಯನ ಮನೆ ಅಂಗಳ ಸಾರಿಸಿದವಳು ಯಾರೂ ಕಾರ್ಖಾನೆಯವರಲ್ಲ. 1946ರಲ್ಲಿ ಕಾರ್ಮಿಕನಿಗೆ 48 ಗಂಟೆಯ ವಾರ ಸಿಕ್ತು. ಅದಾಗಿ ಇಪ್ಪತ್ತು ವರ್ಷ ಕಳೆದ ಮೇಲೂ ನಮ್ಮಪ್ಪ ಒಡೆಯನ ಕೊಟ್ಟಿಗೇಲಿ ಇದ್ದ. ಆ ಕೊಟ್ಟಿಗೆಗೆ ಭಾನುವಾರ ಬರಲೇ ಇಲ್ಲ. ಜಾತಿ ಅಂದ್ರೆ ದುಡಿಮೆಯ ವಿಭಜನೆ ಅಲ್ಲ, ದುಡಿಯುವವರ ವಿಭಜನೆ ಅಂತ ಬಾಬಾಸಾಹೇಬರು ತೋರಿಸಿಕೊಟ್ಟರು. ನಾನು ಅದಕ್ಕೆ ನನ್ನ ಅನುಭವದ ಒಂದು ಸಾಲು ಸೇರಿಸ್ತೀನಿ: ಅದು ವಿಶ್ರಾಂತಿಯ ವಿಭಜನೆ ಕೂಡ. ಒಬ್ಬ ಜಗಲಿ ಮೇಲೆ ಕಾಲು ಚಾಚಿ ಕೂರಬೇಕಾದ್ರೆ ಇನ್ನೊಬ್ಬ ಅಂಗಳದಲ್ಲಿ ಕೈಕಟ್ಟಿ ನಿಂತಿರಬೇಕು. ಹಾಗೆ ನಿಂತವನು ಕೂತ ದಿನ ಅವನಿಗೆ "ಸೋಮಾರಿ" ಅಂತ ಹೆಸರು.

ಸರಿ, ಇದು ಕಾಯ್ದೆಯ ಕಥೆ. ಉಸಿರು ನೋಡೋ ಕಥೆ ಎಲ್ಲಿಂದ ಬಂತು?

ಡಾಕ್ಟರಮ್ಮ ಹೇಳಿದ್ದನ್ನ ಇಂಗ್ಲಿಷಿನಲ್ಲಿ ಮೈಂಡ್‌ಫುಲ್‌ನೆಸ್ ಅಂತಾರೆ. ಆ್ಯಪ್ ಇದೆ, ಕೋರ್ಸ್ ಇದೆ, ಫೀಸ್ ಇದೆ. ನಾನು ಅದು ಅಮೆರಿಕದ ಮಾಲು ಅಂದ್ಕೊಂಡಿದ್ದೆ. ಅಮೆರಿಕದಲ್ಲಿ ಜಾನ್ ಕಬಟ್-ಜಿನ್ ಅನ್ನೋರು 1979ರಲ್ಲಿ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರದಲ್ಲಿ, ವಾಸಿಯಾಗದ ನೋವಿನ ರೋಗಿಗಳಿಗೆ ತರಬೇತಿ ಶುರು ಮಾಡಿದ್ದು ನಿಜ. ಆದ್ರೆ ಆ ಪದದ ಬೇರು ಹುಡುಕ್ತಾ ಹೋದ್ರೆ ನಮ್ಮ ಮನೆ ಬಾಗಿಲಿಗೇ ಬರುತ್ತೆ. ಪಾಲಿ ಭಾಷೆಯಲ್ಲಿ ಅದು "ಸತಿ". ಗಂಡನ ಚಿತೆ ಏರೋ ಸತಿ ಅಲ್ಲ ಮತ್ತೆ! ಸ್ಮೃತಿ ಅನ್ನೋ ಪದದ ಪಾಲಿ ರೂಪ. ಎಚ್ಚರ, ನೆನಪು, ಈಗ ಏನಾಗ್ತಿದೆ ಅನ್ನೋದರ ಅರಿವು. 1881ರಲ್ಲಿ ರೀಸ್ ಡೇವಿಡ್ಸ್ ಅನ್ನೋ ಪಾಲಿ ವಿದ್ವಾಂಸರು ಇದನ್ನ ಇಂಗ್ಲಿಷಿಗೆ ತಂದಾಗ ಮೈಂಡ್‌ಫುಲ್‌ನೆಸ್ ಅಂದರು. ಮಜ್ಝಿಮ ನಿಕಾಯದಲ್ಲಿ ಇದಕ್ಕೇ ಅಂತ ಎರಡು ಸುತ್ತಗಳಿವೆ, ಸತಿಪಟ್ಠಾನ ಮತ್ತು ಆನಾಪಾನಸತಿ. ಆನಾಪಾನ ಅಂದ್ರೆ ಒಳಗೆ ಹೋಗೋ ಉಸಿರು, ಹೊರಗೆ ಬರೋ ಉಸಿರು. ಅಷ್ಟೇ. ಮಂತ್ರ ಇಲ್ಲ, ದೇವರಿಲ್ಲ, ಪೂಜಾರಿ ಇಲ್ಲ, ಮಡಿ ಇಲ್ಲ. ಉಸಿರಿಗೆ ಜಾತಿ ಇಲ್ಲ, ಅದನ್ನ ನೋಡೋಕೆ ಯಾರ ಅಪ್ಪಣೆಯೂ ಬೇಕಿಲ್ಲ.

ಗೆಳೆಯರೇ, ನಾವು 22 ಪ್ರತಿಜ್ಞೆ ಓದುವಾಗ ಅಷ್ಟಾಂಗ ಮಾರ್ಗದಲ್ಲಿ ನಡೀತೀನಿ ಅಂತ ಗಟ್ಟಿಯಾಗಿ ಹೇಳ್ತೀವಿ. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಲಕ್ಷಾಂತರ ಜನ ಹೇಳಿದ್ದು ಅದನ್ನೇ. ಆ ಎಂಟರಲ್ಲಿ ಏಳನೆಯದು ಸಮ್ಮಾ ಸತಿ. ಪ್ರತಿಜ್ಞೆ ಮಾಡಿದ ಮೇಲೆ ಏಳನೆಯದನ್ನ ನಾನು ಒಂದು ದಿನವೂ ಮಾಡಿರಲಿಲ್ಲ.

ಬುದ್ಧನ ಕಾಲದಲ್ಲಿ ಇದನ್ನ ಕಲಿತವರು ಯಾರು? ರಾಜಕುಮಾರರು, ಸೆಟ್ಟಿಗಳು ಇದ್ದರು. ಅವರ ಜೊತೆ ಸುನೀತ ಇದ್ದ. ಬಾಡಿದ ಹೂವು, ಕಸ ಗುಡಿಸಿ ಬದುಕುತ್ತಿದ್ದವನು. ಅವನ ಕಥೆ ಥೇರಗಾಥೆಯಲ್ಲಿ ಅವನ ಬಾಯಲ್ಲೇ ಇದೆ. ಥೇರೀಗಾಥೆಯಲ್ಲಿ ಪುಣ್ಣಿಕಾ ಇದ್ದಾಳೆ, ಚಳಿಯಲ್ಲೂ ಯಜಮಾನಿಯರ ಏಟಿಗೆ ಹೆದರಿ ನದಿಗಿಳಿದು ನೀರು ಹೊರುತ್ತಿದ್ದ ದಾಸಿ. ನೀರಲ್ಲಿ ಮುಳುಗಿದ್ರೆ ಪಾಪ ತೊಳೆಯುತ್ತೆ ಅಂತ ನಡುಗ್ತಾ ನಿಂತಿದ್ದ ಬ್ರಾಹ್ಮಣನನ್ನ ಅವಳು ಕೇಳೋ ಪ್ರಶ್ನೆ ಇವತ್ತಿಗೂ ಪಂಚ್: ಹಾಗಾದ್ರೆ ಮೀನು, ಕಪ್ಪೆ, ಆಮೆ ಎಲ್ಲಾ ಸ್ವರ್ಗಕ್ಕೆ ಹೋಗಬೇಕಲ್ಲ ಅಂತ. ಮುತ್ತಾ ಅನ್ನೋ ಇನ್ನೊಬ್ಬಳು ಒರಳು, ಒನಕೆಯಿಂದ ಬಿಡುಗಡೆ ಸಿಕ್ಕಿದ್ದನ್ನ ಹಾಡಿಕೊಂಡಳು. ಅವರ ಮುಕ್ತಿ ಅಡುಗೆಮನೆಯ ಹೆಸರಲ್ಲೇ ಶುರುವಾಗುತ್ತೆ. ಇದನ್ನ ಬರೀ ಚಿನ್ನದ ಕಥೆ ಮಾಡಲ್ಲ ನಾನು. ಯಜಮಾನನ ಹಿಡಿತದಲ್ಲಿರೋ ದಾಸರನ್ನ, ಸಾಲಗಾರರನ್ನ ಸಂಘಕ್ಕೆ ಸೇರಿಸಬಾರದು ಅನ್ನೋ ನಿಯಮ ವಿನಯದಲ್ಲಿದೆ. ಪುಣ್ಣಿಕಾಳನ್ನ ಯಜಮಾನ ಬಿಡುಗಡೆ ಮಾಡಿದ ಮೇಲೇ ಅವಳು ಭಿಕ್ಖುಣಿ ಆದದ್ದು. ನಮ್ಮಪ್ಪ ಆ ಕಾಲದಲ್ಲಿ ಇದ್ದಿದ್ರೆ ಬಾಗಿಲಲ್ಲೇ ನಿಲ್ಲಬೇಕಿತ್ತು. ಅದಕ್ಕೇ ಕಾಯ್ದೆಯೂ ಬೇಕು, ಉಸಿರೂ ಬೇಕು ಅನ್ನೋದು.

ನಮ್ಮ ಹೋರಾಟಗಾರರಿಗೆ ಅಂತಲೇ ಇರೋ ಕಥೆ ಸೋಣನದ್ದು. ಶ್ರೀಮಂತನ ಮಗ, ಮೃದು ಪಾದದವನು. ಸಂಘಕ್ಕೆ ಬಂದ ಮೇಲೆ ಎಲ್ಲರಿಗಿಂತ ಹೆಚ್ಚು ಶ್ರಮಪಡಬೇಕು ಅಂತ ನಡೆದು ನಡೆದು ಪಾದ ಒಡೆದು ರಕ್ತ ಬಂತು. ಆದ್ರೂ ಏನೂ ಸಿಗಲಿಲ್ಲ, ವಾಪಸ್ ಮನೆಗೆ ಹೋಗಿಬಿಡೋಣ ಅನ್ನಿಸ್ತು. ಬುದ್ಧ ಬಂದು, ನೀನು ವೀಣೆ ನುಡಿಸ್ತಿದ್ದೆ ಅಲ್ವಾ, ತಂತಿ ತುಂಬಾ ಬಿಗಿದ್ರೆ ನುಡಿಯುತ್ತಾ, ತುಂಬಾ ಸಡಿಲ ಬಿಟ್ರೆ ನುಡಿಯುತ್ತಾ ಅಂತ ಕೇಳಿದ. ಎರಡೂ ಇಲ್ಲ. ಶ್ರಮವೂ ಹಾಗೇ. ನನಗೆ ಇದನ್ನ ಓದುವಾಗ ನಮ್ಮ ಸಂಘಟನೆಯ ಒಬ್ಬ ಹುಡುಗ ನೆನಪಾದ. ಮೂರು ವರ್ಷ ಹಗಲು ರಾತ್ರಿ ಓಡಾಡಿದ. ಒಂದಿನ "ಅಕ್ಕ, ಆಗ್ತಿಲ್ಲ" ಅಂದ. ನಾನು ಏನಂದೆ ಗೊತ್ತಾ? "ಬಾಬಾಸಾಹೇಬರು ಆಗ್ತಿಲ್ಲ ಅಂದಿದ್ರೆ ನೀನು ಇವತ್ತು ಪ್ಯಾಂಟು ಹಾಕ್ತಿದ್ಯಾ?" ಅಂದೆ. ಅವನು ಮತ್ತೆ ಬರಲಿಲ್ಲ. ಫೋನೂ ತೆಗೀಲಿಲ್ಲ. ತಂತಿ ಕಿತ್ತೋಗೋವರೆಗೂ ಬಿಗಿದವಳು ನಾನೇ. ಇದನ್ನ ಇಲ್ಲಿ ಬರೀತಿರೋದು ಅವನು ಓದಲಿ ಅಂತ. ತಪ್ಪಾಯ್ತು ತಮ್ಮಾ.

ಬಾಬಾಸಾಹೇಬರ ಹೆಸರಲ್ಲಿ ನಾವು ನಮ್ಮನ್ನೇ ಹೊಡ್ಕೊಳ್ತೀವಿ. ಅವರ ದೇಹಕ್ಕೆ ಏನಾಯ್ತು ಅಂತ ನೋಡಲ್ಲ. 1948ರ ನವೆಂಬರಿನಲ್ಲಿ ಟಿ.ಟಿ. ಕೃಷ್ಣಮಾಚಾರಿಯವರು ಸಂವಿಧಾನ ಸಭೆಯಲ್ಲೇ ಹೇಳಿದರು: ಕರಡು ಸಮಿತಿಯಲ್ಲಿ ಒಬ್ಬರು ರಾಜೀನಾಮೆ ಕೊಟ್ಟರು, ಒಬ್ಬರು ತೀರಿಕೊಂಡರು, ಒಬ್ಬರು ಅಮೆರಿಕದಲ್ಲಿದ್ದರು, ಹೀಗೆ ಕೊನೆಗೆ ಹೊರೆ ಎಲ್ಲಾ ಬಿದ್ದದ್ದು ಅಂಬೇಡ್ಕರ್ ಮೇಲೆ ಅಂತ. ಸಕ್ಕರೆ ಕಾಯಿಲೆ, ನರಗಳ ನೋವು, ಕಾಲುನೋವು, ಇವೆಲ್ಲಾ ಇಟ್ಕೊಂಡೇ ಆ ಹೊರೆ ಹೊತ್ತರು. 65ನೇ ವಯಸ್ಸಿಗೆ ಹೋಗಿಬಿಟ್ಟರು. ಅದು ನಮಗೆ ಮಾದರಿನಾ, ಇಲ್ಲಾ ಹೊರೆ ಹಂಚಿಕೊಳ್ಳದ ದೇಶಕ್ಕೆ ಹಾಕಬೇಕಾದ ಛೀಮಾರಿನಾ? ನನ್ನ ಪ್ರಕಾರ ಎರಡನೆಯದು. ಮತ್ತೆ, ಅದೇ ಬಾಬಾಸಾಹೇಬರು ಪಿಟೀಲು ಕಲಿತರು, ತೋಟ ಮಾಡಿದರು, ನಾಯಿ ಸಾಕಿದರು. ಆ ಫೋಟೊಗಳನ್ನ ನಾವು ಬ್ಯಾನರಿಗೆ ಹಾಕಲ್ಲ.

ಧ್ಯಾನದ ಬಗ್ಗೆ ಅವರಿಗೆ ಅನುಮಾನ ಇತ್ತಲ್ಲ ಅಂತ ಕೇಳ್ತೀರಿ. ಕೇಳಲೇಬೇಕು. 'ಬುದ್ಧ ಮತ್ತು ಆತನ ಧಮ್ಮ' ಪುಸ್ತಕದಲ್ಲಿ ಅವರು ಸಮಾಧಿಯನ್ನೂ ಸಮ್ಮಾ ಸಮಾಧಿಯನ್ನೂ ಬೇರೆ ಮಾಡಿ ನೋಡ್ತಾರೆ. ಕಣ್ಣು ಮುಚ್ಚಿದಷ್ಟು ಹೊತ್ತು ಸಿಗೋ ನೆಮ್ಮದಿ ತಾತ್ಕಾಲಿಕ, ಅದರಿಂದ ಸಾಲದು. ಮನಸ್ಸು ಕಾಯಂ ಆಗಿ ಒಳ್ಳೇದರ ಕಡೆ ತಿರುಗಬೇಕು ಅನ್ನೋದು ಅವರ ವಾದ. ಭಿಕ್ಖು ಬರೀ ತನ್ನನ್ನ ತಿದ್ದಿಕೊಂಡು ಕೂತರೆ ಏನು ಪ್ರಯೋಜನ, ಜನರ ಸೇವಕ ಆಗಬೇಡವಾ ಅಂತಲೂ ಕೇಳ್ತಾರೆ. ನಾನು ಇದನ್ನ ಹತ್ತು ಸಲ ಓದಿದೀನಿ. ಅವರು ಕೂರಬೇಡಿ ಅನ್ನಲಿಲ್ಲ. ಕೂತು ಎದ್ದ ಮೇಲೆ ಏನು ಮಾಡ್ತೀಯ ಅಂತ ಕೇಳಿದರು. ಆ ಪ್ರಶ್ನೆ ಜೊತೇಲಿಟ್ಕೊಂಡೇ ನಾನು ಕೂರ್ತೀನಿ.

ನಮ್ಮ ಕೋಲಾರದವರಿಗೆ ಇನ್ನೊಂದು ಹೆಮ್ಮೆಯ ಮಾತು. ನಾಗಪುರಕ್ಕೆ ಅರ್ಧ ಶತಮಾನ ಮುಂಚೆಯೇ ನಮ್ಮ ಜಿಲ್ಲೇಲಿ ಬುದ್ಧ ಇದ್ದ. ಅಯೋತಿ ದಾಸ ಪಂಡಿತರು 1898ರಲ್ಲಿ ಸಿಂಹಳಕ್ಕೆ ಹೋಗಿ ಪಂಚಶೀಲ ತಗೊಂಡು ಬಂದು ಮದ್ರಾಸಿನಲ್ಲಿ ಶಾಕ್ಯ ಬೌದ್ಧ ಸಂಘ ಕಟ್ಟಿದರು. ಅದರ ಶಾಖೆಗಳು ಕೆಜಿಎಫ್‌ನ ಮಾರಿಕುಪ್ಪಂ, ಚಾಂಪಿಯನ್ ರೀಫ್ಸ್‌ನಲ್ಲಿ ಬೆಳೆದವು. ಅವರ ಪುಸ್ತಕಗಳನ್ನ ಅಚ್ಚು ಹಾಕಿ ಉಳಿಸಿದ್ದೂ ಕೆಜಿಎಫ್‌ನ ಜನ. ಭೂಮಿ ಒಳಗೆ ಇಳಿದು, ಬಿಸಿ ಕಲ್ಲು ಒಡೆದು, ಧೂಳಿಗೆ ಶ್ವಾಸಕೋಶ ಕೊಟ್ಟ ತಮಿಳು ದಲಿತ ಕಾರ್ಮಿಕರು ಮೇಲೆ ಬಂದು ಬುದ್ಧನ ಬಗ್ಗೆ ಓದ್ತಿದ್ರು. ಉಸಿರಿನ ಬೆಲೆ ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತಿತ್ತು? 2001ರಲ್ಲಿ ಗಣಿ ಮುಚ್ಚಿದರು. ಸಯನೈಡ್ ದಿಬ್ಬಗಳು ಹಾಗೇ ಇವೆ.

ಕೊನೇ ಕಥೆ ನನ್ನಂಥ ಗುಮಾಸ್ತರಿಗೆ. ಇವತ್ತು ನಮ್ಮ ದೇಶದಲ್ಲಿ ವಿಪಸ್ಸನ ಅಂತ ಹತ್ತು ದಿನದ ಶಿಬಿರ ನಡೆಸ್ತಾರಲ್ಲ, ಅದನ್ನ ಗೋಯೆಂಕ ಅವರು 1969ರಲ್ಲಿ ಬರ್ಮಾದಿಂದ ತಂದರು. ಅವರ ಗುರು ಊ ಬಾ ಖಿನ್. 1899ರಲ್ಲಿ ರಂಗೂನಿನಲ್ಲಿ ಹುಟ್ಟಿದವರು, ಅಕೌಂಟೆಂಟ್ ಜನರಲ್ ಕಚೇರಿಗೆ ಗುಮಾಸ್ತರಾಗಿ ಸೇರಿದವರು. ಅವರಿಗೆ 1937ರಲ್ಲಿ ಉಸಿರು ನೋಡೋದು ಹೇಳಿಕೊಟ್ಟ ಸಯಾ ತೆಟ್‌ಜಿ ಸನ್ಯಾಸಿಯಲ್ಲ, ರೈತ. 1948ರ ಜನವರಿ 4ರಂದು ಬರ್ಮಾ ಸ್ವತಂತ್ರ ಆದ ದಿನ ಊ ಬಾ ಖಿನ್ ಆ ದೇಶದ ಅಕೌಂಟೆಂಟ್ ಜನರಲ್ ಆದರು. ಆಫೀಸಿನಲ್ಲೇ ಜಾಗ ಮಾಡಿ ಸಿಬ್ಬಂದಿಗೆ ಧ್ಯಾನ ಕಲಿಸಿದರು. ಬಾಬಾಸಾಹೇಬರು ವಿಶ್ವ ಬೌದ್ಧ ಸಮ್ಮೇಳನಕ್ಕೆ ಅಂತ 1954ರ ಡಿಸೆಂಬರಿನಲ್ಲಿ ಹೋಗಿದ್ದು ಅದೇ ರಂಗೂನಿಗೆ. ಶಿಬಿರಗಳ ಬಗ್ಗೆ, ಅಲ್ಲಿ ಜಾತಿ ಮಾತಾಡದೆ ಇರೋದರ ಬಗ್ಗೆ ನಮ್ಮಲ್ಲಿ ತಕರಾರು ಇದೆ. ನನಗೂ ಇದೆ. ಆದ್ರೆ ಒಬ್ಬ ಗುಮಾಸ್ತ ಫೈಲುಗಳ ಮಧ್ಯೆ ಇದನ್ನ ಕಲಿತ, ಕಲಿಸಿದ ಅನ್ನೋದು ನನಗೆ ಧೈರ್ಯ ಕೊಡ್ತು.

ಈಗ ನಾನು ಏನು ಮಾಡ್ತೀನಿ ಅಂತ ಹೇಳ್ತೀನಿ, ದೊಡ್ಡದೇನಿಲ್ಲ. ಮಧ್ಯಾಹ್ನ ಊಟದ ಬಿಡುವಲ್ಲಿ ರೆಕಾರ್ಡ್ ರೂಮಿಗೆ ಹೋಗ್ತೀನಿ. ಅಲ್ಲಿ ಒಂದು ಪ್ಲಾಸ್ಟಿಕ್ ಕುರ್ಚಿ ಇದೆ, ಒಂದು ಕಾಲು ಗಿಡ್ಡ. ಕೆಳಗೆ ಹಳೇ ಲೆಡ್ಜರ್ ಇಟ್ಟಿದೀನಿ. ಫೋನಲ್ಲಿ 10 ನಿಮಿಷ ಅಲಾರಂ. ಪಾದ ಎರಡೂ ನೆಲಕ್ಕೆ. ಬೆನ್ನು ಪೂರ್ತಿ ಒರಗಿಸ್ತೀನಿ, ಇದು ನಮ್ಮಪ್ಪನ ಲೆಕ್ಕದಲ್ಲಿ. ಮೂಗಿನ ತುದೀಲಿ ಉಸಿರು ತಾಕೋ ಜಾಗ ನೋಡ್ತೀನಿ. ಮೂರನೇ ಉಸಿರಿಗೆ ಮನಸ್ಸು ಓಡುತ್ತೆ: ಪಿಂಚಣಿ ಫೈಲು, ಅವ್ವನ ಮಾತ್ರೆ, ಯಾರೋ ಅಂದ ಮಾತು. ಓಡ್ತು ಅಂತ ಗೊತ್ತಾದಾಗ ಬೈಯ್ಯದೆ ವಾಪಸ್ ಕರೀತೀನಿ. ಮನಸ್ಸು ಖಾಲಿ ಮಾಡೋದಲ್ಲ ಇದು. ಹತ್ತು ನಿಮಿಷದಲ್ಲಿ ಐವತ್ತು ಸಲ ಓಡಿದ್ರೆ ಐವತ್ತು ಸಲ ಕರೆಯೋದೇ ಅಭ್ಯಾಸ. ಮೊದಲ ತಿಂಗಳು ಅಳು ಬರ್ತಿತ್ತು, ಕಾರಣ ಗೊತ್ತಿಲ್ಲ. ಈಗ ಕೆಲವು ದಿನ ನಿದ್ದೆ ಬರುತ್ತೆ. ಬಂದ್ರೆ ಬರಲಿ. ನಮ್ಮವ್ವನ ಬಾಕಿ ನಿದ್ದೆ ಇರಬಹುದು ಅದು.

ಬಿಪಿ ಮಾತ್ರೆ ಬಿಟ್ಟಿಲ್ಲ, ಯಾರೂ ಬಿಡಬೇಡಿ. ಕಣ್ಣು ಮುಚ್ಚಿದ್ರೆ ಹಿಂದೆ ಆದ ಹಿಂಸೆ ನುಗ್ಗಿ ಬರೋರಿಗೆ ಒಬ್ಬರೇ ಕೂರೋದು ಒಳ್ಳೇದಲ್ಲ. ಕಣ್ಣು ಬಿಟ್ಟೇ ಕೂರಿ, ಇಲ್ಲಾ ಮೆಲ್ಲಗೆ ನಡೀರಿ, ಡಾಕ್ಟರ ಹತ್ರ ಮಾತಾಡಿ. ಮುಖ್ಯವಾಗಿ, ಇದನ್ನ ಮಾಲೀಕರ ಕೈಗೆ ಕೊಡಬೇಡಿ. 2023ರಲ್ಲಿ ನಮ್ಮ ಕರ್ನಾಟಕದಲ್ಲೇ ಕಾರ್ಖಾನೆ ಕಾಯ್ದೆಗೆ ತಿದ್ದುಪಡಿ ತಂದು, ವಾರಕ್ಕೆ 48 ಗಂಟೆ ಅಂತ ಹೇಳಿಕೊಂಡೇ ದಿನಕ್ಕೆ 12 ಗಂಟೆವರೆಗೂ ದುಡಿಸೋಕೆ ದಾರಿ ಮಾಡಿದರು. ಮೂರು ತಿಂಗಳಿಗೆ 75 ಗಂಟೆ ಇದ್ದ ಓವರ್‌ಟೈಮ್ ಮಿತಿ 145ಕ್ಕೆ ಏರಿತು. ಒಂದು ಕೈಯಲ್ಲಿ ಗಂಟೆ ಕಿತ್ಕೊಂಡು ಇನ್ನೊಂದು ಕೈಯಲ್ಲಿ ಧ್ಯಾನದ ಆ್ಯಪ್ ಕೊಟ್ಟರೆ, ಎರಡನೆಯದಕ್ಕೆ ಥ್ಯಾಂಕ್ಸ್ ಹೇಳೋ ಮುಂಚೆ ಮೊದಲನೆಯದನ್ನ ವಾಪಸ್ ಕೇಳಿ.

ನಮ್ಮ ಸಂಘಟನೆಗೂ ಒಂದು ಮಾತು. ಸಂಜೆ ಆರಕ್ಕೆ ಅಂತ ಕರೆದು ಎಂಟಕ್ಕೆ ಶುರು ಮಾಡಿ ಹನ್ನೊಂದಕ್ಕೆ ಮುಗಿಸೋ ಮೀಟಿಂಗು ಯಾರ ವಿಶ್ರಾಂತಿ ತಿನ್ನುತ್ತೆ? ಮೀಟಿಂಗ್ ಮುಗಿದ ಮೇಲೆ ಟೀ ಲೋಟ ತೊಳೆಯೋದು ಯಾರು? ನೀವು ಮನೆಗೆ ಹೋದ್ರೆ ತಟ್ಟೆ ಬರುತ್ತೆ, ನಾವು ಮನೆಗೆ ಹೋದ್ರೆ ಒಲೆ ಹಚ್ಚಬೇಕು. ಮುಂದಿನ ತಿಂಗಳ ಸಭೆಗೆ ನನ್ನ ಪ್ರಸ್ತಾಪ ಮೂರು: ಹೇಳಿದ ಹೊತ್ತಿಗೆ ಶುರು, ಎಂಟೂವರೆಗೆ ಮುಕ್ತಾಯ, ತಿಂಗಳಿಗೆ ಎರಡು ಭಾನುವಾರ ಯಾರನ್ನೂ ಕರೆಯಂಗಿಲ್ಲ. ಲೋಟ ಗಂಡಸರು ತೊಳೀಬೇಕು ಅನ್ನೋದು ಪ್ರಸ್ತಾಪ ಅಲ್ಲ, ತೀರ್ಮಾನ.

ಮೊನ್ನೆ ಊರಿಗೆ ಹೋದಾಗ ಬೆಳಿಗ್ಗೆ ಜಗಲಿ ಮೇಲೆ ಕೂತಿದ್ದೆ. ಅಪ್ಪ ಬಂದು ನೋಡಿದ. "ಏನ್ ಮಾಡ್ತಿದೀಯವ್ವ?" ಅಂದ. "ಏನೂ ಇಲ್ಲಪ್ಪ, ಸುಮ್ನೆ ಕೂತಿದೀನಿ" ಅಂದೆ. ಸ್ವಲ್ಪ ಹೊತ್ತು ನಿಂತಿದ್ದ. "ಯಾರೂ ಏನೂ ಅನ್ನಲ್ವಾ?" ಅಂದ. "ಯಾರನ್ನೂ ಕೇಳಲ್ಲಪ್ಪ" ಅಂದೆ. ಅಪ್ಪ ನಕ್ಕು ಪಕ್ಕದಲ್ಲಿ ಕೂತ. ತುದೀಲೇ ಕೂತ, ಒರಗಲಿಲ್ಲ. ಇಬ್ರೂ ಬಿಸಿಲು ಬರೋವರೆಗೂ ಹಾಗೇ ಇದ್ವಿ.

ಇವತ್ತು ಮನೇಲಿದೀನಿ. ನಾಳೆ ಆಫೀಸು, ಸಂಜೆ ಸ್ಮಶಾನದ ಜಾಗದ ಅರ್ಜಿ ವಿಚಾರಕ್ಕೆ ತಾಲ್ಲೂಕು ಕಚೇರಿ ಮುಂದೆ ಸಿಗೋಣ. ಬರ್ತೀನಿ.

ಜೈಭೀಮ್.